ಐರ್ಲೆಂಡಿನವರ ಜೊತೆ ಮಾತಿಗೆ ಹತ್ತು ನಿಮಿಷ

ನೆರೆದಿರುವ ಮಹಾಜನಗಳೇ, ಗದ್ದಲ ನಿಲ್ಲಿಸಿ ಕೇಳಿ! ಐರ್ಲೆಂಡಿನ ಎಂಟು ತಂತ್ರಜ್ಞಾನ ಉದ್ಯಮಿಗಳು ವ್ಯಾಪಾರದ ಪರಿಚಯ ಬೆಳೆಸಲು ನಮ್ಮ ದೇಶಕ್ಕೆ ಪ್ರವಾಸ ಹೊರಟಿದ್ದಾರೆ. ದಾವಣಗೆರೆಯಲ್ಲಿ ನಮ್ಮ ಉದ್ಯಮಿಗಳ ಸಂಘಕ್ಕೆ ಎರಡು ಗಂಟೆ ಕೊಟ್ಟಿದ್ದಾರೆ. ಹರಿಹರದ ನನ್ನ ಶೆಡ್ಡಿನಲ್ಲಿ ತಯಾರಾಗುವ ಪಂಪ್ ಸೆನ್ಸರಿಗೆ ಹೊರಗಿನ ಗಿರಾಕಿ ಸಿಕ್ಕರೆ ಅಷ್ಟರಲ್ಲೇ ಸಿಗಬೇಕು.

ಇಂದು ಅವರೊಂದಿಗಿನ ವಿಡಿಯೋ ಕರೆಯಲ್ಲಿ ನಮ್ಮ ಸಂಘದ ಅಧ್ಯಕ್ಷರು ಕಾರ್ಯಕ್ರಮ ಓದಿದರು: ಪ್ರಾರ್ಥನೆ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಎಂಟೂ ಜನರಿಗೆ ಸನ್ಮಾನ, ಐದು ಭಾಷಣ.

ಐರ್ಲೆಂಡ್ ತಂಡದ ನಾಯಕಿ ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು, "ನಾವು ಪರಸ್ಪರ ಮಾತಾಡುವುದು ಯಾವಾಗ?"

ಅಧ್ಯಕ್ಷರು, ಇಂಗ್ಲಿಷಿಗೆ ಅನುವಾದಿಸಲು ಪಕ್ಕದಲ್ಲೇ ಕೂತಿದ್ದ ನನ್ನತ್ತ ತಿರುಗಿದರು. "ವಂದನಾರ್ಪಣೆ ಆದ್ಮ್ಯಾಲೆ ಹತ್ತು ನಿಮಿಷ ಐತೆ ಅಂತ ಹೇಳ್ರಿ."

"ಕೊನೆಯ ಎರಡು ಭಾಷಣ ತೆಗೀರಿ ಸಾರ್," ಎಂದೆ.

"ಹೆಂಗ್ರಿ ತೆಗೀಲಿ? ಎರಡೂ ನಂದೇ ಅದಾವು!"

ನಾಳೆ ಬೆಳಿಗ್ಗೆ ಅಧ್ಯಕ್ಷರ ಮನೆಗೇ ಹೋಗಿ, ಸನ್ಮಾನದಲ್ಲಿ ಆ ನಾಯಕಿಗೆ ಶಾಲು ಹೊದಿಸುವ ಕೆಲಸ ಬೇಡಿಕೊಳ್ಳುತ್ತೇನೆ. ಇಬ್ಬರೂ ಫೋಟೋಗೆ ನಿಂತಷ್ಟು ಹೊತ್ತಿನಲ್ಲೇ ಸೆನ್ಸರ್ ಮಾರಬೇಕು.