ಒಳಕೋಣೆಯವರ ಡಾಕ್ಟರ್ ಬಾಯಿ

ಡಾಕ್ಟರ್ ವತ್ಸಲಾಬಾಯಿಯವರು ಯಾರ ಮನೆಗೆ ಹೋದರೂ, ಎದುರು ಕೂತವರ ನಾಡಿ ಹಿಡಿಯುವ ಮೊದಲು ಕುತ್ತಿಗೆ ಚಾಚಿ ಒಳಗಿನ ಕತ್ತಲನ್ನು ನೋಡುತ್ತಿದ್ದರು. "ಒಳಗ ಯಾರರೆ ಮಲಗ್ಯಾರೇನವಾ?" ಇಲ್ಲ ಎಂದರೆ ನಂಬುತ್ತಿರಲಿಲ್ಲ. "ಒಂದ್ ಸಲ ನೋಡಿ ಬರ್ತೇನಿ" ಎಂದು ಚಪ್ಪಲಿ ಬಿಟ್ಟು ಹೋಗಿಯೇಬಿಡುವರು. ದನ ಕಟ್ಟುವ ಜಾಗ, ಜೋಳದ ಚೀಲ ಒಟ್ಟಿದ ಮೂಲೆ, ಎಲ್ಲ ನೋಡಿದ ಮೇಲೆಯೇ ಕೆಲಸ ಶುರು. "ಬಾಯಾರು ಬಂದ್ರು, ಅಡಗಿಮನಿ ಕಸ ಹೊಡೀರಿ" ಎಂದು ಹೆಂಗಸರು ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ನಮ್ಮ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು ಕುಳಗೇರಿ ಕ್ರಾಸಿನ ಆಚೆಯ ಹಳ್ಳಿಯೊಂದರಲ್ಲಿ ಆರೋಗ್ಯ ಕೇಂದ್ರ ನಡೆಸುತ್ತಿತ್ತು. ಹೌಸ್‌ಸರ್ಜನ್‌ಗಳಾದ ನಾವು ಕೆಲವು ತಿಂಗಳು ಅಲ್ಲಿರಬೇಕು. ನಮಗೆ ಕಲಿಸುವವರು ಈ ಬಾಯಿಯವರು. ಬಿಸಿಲಲ್ಲಿ ಓಣಿ ಸುತ್ತಿ ಬೇಸತ್ತ ನಾನು ಒಮ್ಮೆ ಕೇಳಿದೆ: "ಕೇಂದ್ರಕ್ಕ ಬಂದವರನ್ನ ನೋಡಿದ್ರ ಸಾಲದೇನ್ರಿ ಮೇಡಂ?"

"ಬರಾವ್ರು ಹ್ಯಾಂಗರೆ ಬದುಕ್ತಾರಪಾ. ಬರಲಾರದವರ ಸಲುವಾಗಿ ನಮಗ ಕಾಲು ಅವ."

ಅದೇ ವಾರ ಊರಾಚೆಯ ಹೊಲದಲ್ಲಿ ಕುರಿ ತರುಬಿ ಬೀಡುಬಿಟ್ಟಿದ್ದ ಕುರುಬರ ಬಿಡಾರಕ್ಕೆ ಹೋದೆವು. "ನಮ್ಮಾಗ ಬ್ಯಾನಿ ಯಾರಿಗೂ ಇಲ್ರಿ" ಎಂದಳು ಮನೆಯಾಕೆ. ಮಾತು ಮುಗಿಯುವುದರೊಳಗೆ ಕಂಬಳಿಯ ಮರೆಯಿಂದ ಕೆಮ್ಮು ಕೇಳಿಸಿತು. ಆಕೆಯ ಮಾವ, ಎಲುಬಿನ ಗೂಡಾಗಿದ್ದ. ಕ್ಷಯ. ದಿನವೂ ಸೂಜಿ ಬೇಕು, ಆದರೆ ಮೇವು ಮುಗಿದರೆ ಕುರಿ ನಿಲ್ಲುವುದಿಲ್ಲ. ಹಿಂಡು ಹುನಗುಂದದ ಕಡೆ ಸರಿದಂತೆ ನಮ್ಮ ಜೀಪೂ ಅದರ ಬೆನ್ನು ಹತ್ತಿತು. ಮುದುಕ ಚೇತರಿಸಿಕೊಂಡ. "ನಮ್ಮ ದ್ಯಾವ್ರು ಬೀರಪ್ಪನ ಬಂದಂಗ ಬಂದಿ ಯವ್ವಾ" ಎಂದು ಕಾಲಿಗೆ ಬಾಗಿದಾಗ ಬಾಯಿಯವರು ಬೆದರಿದವರಂತೆ ಹಿಂದೆ ಸರಿದರು.

ಮರಳುವಾಗ ಜೀಪಿನಲ್ಲಿ ತಾವಾಗಿಯೇ ಹೇಳಿದರು:

"ನಮ್ಮ ಕೇಂದ್ರದ ಊರಾಗ ಮೊದಲನೇ ಕ್ಯಾಂಪು ನಂದಪಾ. ಗುಡಿ ಮುಂದ ಟೇಬಲ್ ಹಾಕ್ಕೊಂಡು ಕೂತಿದ್ದೆ. ಸಂಜಿಗೆ ಹಾರ ಹಾಕಿದ್ರು. ಗುಡಿ ಹಿಂದಿನ ಮನ್ಯಾಗ ಗಂಗವ್ವ ಅಂತ ಒಬ್ಬಾಕಿ ಬಾಣಂತಿ ಜ್ವರದಾಗ ಬಡಬಡಸ್ಲಿಕ್ಕತ್ತಿದ್ಲು. ಬಾಣಂತಿ ಹೊಸ್ತಿಲ ದಾಟಬಾರದು ಅಂತ ಅತ್ತಿ ಕಳಿಸಿರಲಿಲ್ಲ. ಮರುದಿನ ತೀರಿಹೋದ್ಲು. ಔಷಧ ನನ್ನ ಚೀಲದಾಗ ಇತ್ತು. ನಾ ಹಾರ ಹಾಕ್ಕೊಂಡು ನಿಂತಿದ್ದೆ."



ಬಾಯಿಯವರು ಈಗ ಇಲ್ಲ. ನಾನು ಕೊನೆಯ ಸಲ ಕಂಡದ್ದು ಎಂಬತ್ತರ ದಶಕದ ನಡುವೆ, ಅವರು ನಿವೃತ್ತರಾದ ದಿನ. ಬಾಗಲಕೋಟೆಯ ದವಾಖಾನೆಯಲ್ಲಿದ್ದ ನಾನು ಬೀಳ್ಕೊಡಲು ಹೋಗಿದ್ದೆ. ಅವರು ಸಮಾರಂಭ ಬೇಡವೆಂದು ನೇರ ಗಂಗವ್ವನ ಅತ್ತೆಯ ಮನೆಗೆ ನಡೆದರು. ಅಷ್ಟು ವರ್ಷ ಊರಿನ ಎಲ್ಲ ಬಾಗಿಲು ತಟ್ಟಿದವರು ಆ ಮನೆಗೆ ಮಾತ್ರ ನಮ್ಮಂಥ ಹೌಸ್‌ಸರ್ಜನ್‌ಗಳನ್ನೇ ಕಳಿಸುತ್ತಿದ್ದರು.

"ನಂದು ತಪ್ಪಾತು ಯವ್ವಾ" ಎಂದರು.

ಮುದುಕಿ ಕಟ್ಟೆಗೆ ಕೈಯೂರಿ ಹೇಳಿದಳು: "ಅವತ್ತು ನೀವು ಬಂದಿದ್ರೂ, ಒಳಗ ಯಾರೂ ಇಲ್ಲ ಅಂತಿದ್ನಿರಿ ನಾ. ಯಾರ ಮುಂದೂ ಹೇಳಿಲ್ಲ ಇದನ್ನ."

ಅವರ ಎದೆಯ ಭಾರ ಇಳಿಯಿತೆಂದೇ ನಾನು ತಿಳಿದೆ. ಬಾಯಿಯವರು ಆಕೆಯ ಕೈ ಹಿಡಿದರು. "ನೀ ಸುಳ್ಳು ಹೇಳಬೇಕಂದ್ರೂ, ನಾ ಬಂದು ಕೇಳಬೇಕಿತ್ತಲ್ಲ ಯವ್ವಾ."

ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕುಳಿತು ಅತ್ತರು. ಬಾಯಿಯವರು ಹಿಡಿಯಬೇಕಿದ್ದ ಬಾದಾಮಿಯ ಬಸ್ಸು ಬಂದು ನಿಂತಿತ್ತು. ನಾನು ಕಂಡಕ್ಟರನಿಗೆ, ಹೋಗಿ ಎಂದು ಕೈಬೀಸಿದೆ.