ಕಾಕಾ ಎಣಿಸುತ್ತಿದ್ದ ತೊಂಬತ್ತು ದಿನ

ಅವರ ಹಣೆಯ ವಿಭೂತಿಯ ಮೂರು ಗೆರೆಗಳಲ್ಲಿ ಮೇಲಿನದು ಯಾವಾಗಲೂ ಅರ್ಧಕ್ಕೇ ನಿಲ್ಲುತ್ತಿತ್ತು. ಬಲಗೈಯ ತೋರುಬೆರಳು ಎರಡನೆಯ ಗಿಣ್ಣಿಗೆ ಮುಗಿದಿತ್ತು. ಉಳಿದದ್ದನ್ನು ಜೋಳದ ರಾಶಿ ಮಾಡುವ ಯಂತ್ರ ಎಂದೋ ಕಚ್ಚಿಕೊಂಡು ಹೋಗಿತ್ತು. ತುದಿಯ ಚರ್ಮ ಹುಣಸೆಬೀಜದಷ್ಟು ನುಣ್ಣಗಿತ್ತು. ಬೇರೆಯವರಾಗಿದ್ದರೆ ಅಂಥ ಬೆರಳನ್ನು ಮಡಚಿ ಇಟ್ಟುಕೊಳ್ಳುತ್ತಿದ್ದರೇನೋ. ಇವರು ಅದರಿಂದಲೇ ದಾರಿ ತೋರಿಸುತ್ತಿದ್ದರು, ಅದರಿಂದಲೇ ಗೋಡೆಯ ಕ್ಯಾಲೆಂಡರಿನ ಮೇಲೆ ದಿನ ಎಣಿಸುತ್ತಿದ್ದರು. ಆ ಮೊಂಡು ಬೆರಳು ಎಣಿಸುತ್ತ ಹೋಗಿ ಒಂದು ತಾರೀಖಿನ ಮೇಲೆ ನಿಂತಿತೆಂದರೆ ಎದುರಿಗಿದ್ದವರಿಗೆ ಎದೆ ಧಸಕ್ಕೆನ್ನುತ್ತಿತ್ತು.

ಕಾಸಾರಶಿರಸಿಯ ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಅವರ ಕಿರಾಣಿ ಅಂಗಡಿ. ನಮ್ಮಲ್ಲಿ ಅಂಗಡಿಗೆ ದುಕಾನ ಎನ್ನುವುದರಿಂದ ಅವರು ಇಡೀ ಓಣಿಗೆ ದುಕಾನಿನ ಕಾಕಾ. ಅವರದು ಹೊಲಮನೆಯಿದ್ದ ಶಿವಭಕ್ತರ ಮನೆತನ. ನಾವು ಬೀರಪ್ಪನ ಒಕ್ಕಲು, ಕುರಿ ಸಾಕುವವರು. ದಸರೆ ಮುಗಿಯುತ್ತಿದ್ದಂತೆ ನಮ್ಮ ಗಂಡಸರು ಕುರಿ ಹೊಡೆದುಕೊಂಡು ಹೋದರೆ ತಿಂಗಳುಗಟ್ಟಲೆ ಹೊರಗೇ. ಇವತ್ತು ವಲಾಂಡಿಯ ಹೊಲದಲ್ಲಿ, ನಾಳೆ ಮುರುಮದ ಆಚೆ. ಅವರ ಬ್ಯಾಂಕಿನ ಕಾರ್ಡುಗಳು ಮಾತ್ರ ಕಾಕಾನ ಅಂಗಡಿಯಲ್ಲಿ, ಬಿಸ್ಕತ್ತಿನ ಹಳೆಯ ಡಬ್ಬಿಯೊಂದರಲ್ಲಿ, ಒಂದೊಂದಕ್ಕೂ ರಬ್ಬರು ಹಾಕಿಸಿಕೊಂಡು ಮಲಗಿರುತ್ತಿದ್ದವು.

ಇದಕ್ಕೊಂದು ಕಾರಣವಿತ್ತು. ಬ್ಯಾಂಕಿನ ಕಾರ್ಡಿನ ಜೊತೆಗೆ ಅಪಘಾತದ ವಿಮೆಯೂ ಬರುತ್ತದೆ ಎಂಬುದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕಾರ್ಡುಳ್ಳವನು ಅಪಘಾತದಲ್ಲಿ ಸತ್ತರೆ ಮನೆಯವರಿಗೆ ಎರಡು ಲಕ್ಷ. ಕರಾರು ಒಂದೇ: ಸಾಯುವುದಕ್ಕೆ ಹಿಂದಿನ ತೊಂಬತ್ತು ದಿನಗಳೊಳಗೆ ಆ ಕಾರ್ಡಿನಿಂದ ಒಂದು ಸಲವಾದರೂ ಏನಾದರೂ ಕೊಂಡಿರಬೇಕು. ಕಾಕಾಗೆ ಇದು ಗೊತ್ತಾದದ್ದು ಅವರ ಅಣ್ಣ ಹೊಲದ ಮೋಟರಿನ ಕರೆಂಟು ಹೊಡೆದು ತೀರಿಕೊಂಡಾಗ. ಅಣ್ಣನ ಕಾರ್ಡು ಬ್ಯಾಂಕಿನಿಂದ ಬಂದ ಲಕೋಟೆಯಲ್ಲೇ, ದೇವರ ಜಗಲಿಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ಲಕ್ಷ್ಮಿ ಎಂದು ಪೂಜೆ ಮಾಡಿದ್ದರು, ಒಂದು ಸಲವೂ ಬಳಸಿರಲಿಲ್ಲ. ಬ್ಯಾಂಕಿನವರು ಇಲ್ಲ ಎಂದರು.

ಆಮೇಲೆ ಕಾಕಾ ಅಂಗಡಿಗೆ ಕಾರ್ಡಿನ ಮಶೀನು ತಂದರು. ಮನೆಗೊಂದು ಗುರುತು ಮಾಡಿ ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕತೊಡಗಿದರು. ನಮ್ಮ ಮನೆಯ ಗುರುತು ಕುರುಬನ ಕೋಲು. ಕಾರ್ಡು ತಾಗಿಸಿದ ದಿನಕ್ಕೆ ಸಣ್ಣದೊಂದು ಗೀಟು, ದಿನ ಮುಗಿಯುವ ತಾರೀಖಿಗೆ ಕೆಂಪು ಸುತ್ತು. ಸುತ್ತಿನ ದಿನ ಸಮೀಪಿಸಿತೆಂದರೆ ಅಂಗಡಿಯ ಕಟ್ಟೆಯ ಮೇಲೆ ನಿಂತು, ಹೋಗಿಬರುವವರ ಮುಂದೆಯೇ ಕೂಗುತ್ತಿದ್ದರು:

"ನಿಮ್ಮ ಮನಿ ದಿನ ಮುಗೀಲಾಕ ಬಂದಾವ. ನಾಳಿಗಿ ಬಂದು ಹೋಗ್ರಿ."

ಬೆಳಗಿನ ಹೊತ್ತು ಇಂಥ ಮಾತು ಕಿವಿಗೆ ಬಿದ್ದರೆ ಯಾರಿಗೆ ಹಿತವಾಗುತ್ತದೆ? ಹೆಂಗಸರು ಮುಖ ತಿರುಗಿಸಿ ಉಗುಳುತ್ತಿದ್ದರು. ಕ್ಷೌರದಂಗಡಿಯಲ್ಲಿ ಕೂತ ಗಂಡಸರು ಅವರಿಗೆ ಯಮನ ಕಾರಕೂನ, ಅಂದರೆ ಗುಮಾಸ್ತ, ಎಂದು ಹೆಸರಿಟ್ಟಿದ್ದರು. ಕಾಕಾಗೆ ಅದು ತಿಳಿದಿತ್ತು, ಕೇಳಿ ನಗುತ್ತಿದ್ದರು. ಕಾರಕೂನನೇ ಎಚ್ಚರಿಸಿ ಕಳಿಸಿದರೆ ಯಮನಿಗೇ ನಷ್ಟವಲ್ಲವೆ ಎನ್ನುತ್ತಿದ್ದರು. ಮೊಂಡು ಬೆರಳನ್ನು ತೋರಿಸಿ, "ಇದಕ್ಕ ವಿಮಾ ಇರಲಿಲ್ಲ ನೋಡವ್ವ" ಎಂದು ನನಗೆ ಚಾಷ್ಟಿ ಮಾಡುತ್ತಿದ್ದರು.

ಅವರದೊಂದು ಗಟ್ಟಿ ನಿಯಮವಿತ್ತು. ಕಾರ್ಡು ತಮ್ಮ ಡಬ್ಬಿಯಲ್ಲೇ ಇದ್ದರೂ, ಮಶೀನಿಗೆ ತಾಗಿಸಿದರೆ ಸಾಕು, ಯಾವ ನಂಬರೂ ಒತ್ತಬೇಕಿಲ್ಲದಿದ್ದರೂ, ತಾವಾಗಿ ಅದನ್ನು ಮುಟ್ಟಿಸುತ್ತಿರಲಿಲ್ಲ. ಮನೆಯವರು ಒಬ್ಬರು ಬರಬೇಕು, ತಮ್ಮ ಕೈಯಿಂದಲೇ ತಾಗಿಸಬೇಕು, ಕೊಂಡದ್ದನ್ನು ಮನೆಗೆ ಒಯ್ಯಬೇಕು. ಹೆಚ್ಚಿನದೇನೂ ಅಲ್ಲ, ಒಂದು ಕಟ್ಟು ಕಡ್ಡಿಪೆಟ್ಟಿಗೆ ಕೊಂಡರೂ ಆಯಿತು. ಒಮ್ಮೆ ಬಾಣಂತಿಯೊಬ್ಬಳು ಬರಲಾರೆನೆಂದು ಹೇಳಿಕಳಿಸಿದಾಗ ಮಶೀನನ್ನೇ ಕಂಕುಳಲ್ಲಿ ಹಿಡಿದು ಅವಳ ಹೊಸ್ತಿಲಿಗೆ ಹೋಗಿದ್ದರು. ಅವರ ಕೈಗೆ ಕಾರ್ಡು ಕೊಟ್ಟವರೆಲ್ಲ ನಿಶ್ಚಿಂತೆಯಿಂದ ಇದ್ದದ್ದು ಈ ನಿಯಮದಿಂದ.

ಆ ವರ್ಷ ನಮ್ಮ ಮನೆಯ ಸುತ್ತು ಅಮಾವಾಸ್ಯೆಯ ದಿನಕ್ಕೇ ಬಿದ್ದಿತ್ತು. ಅಪ್ಪ ಮುರುಮದ ಕಡೆ ಕುರಿಯ ಹಿಂದೆ ಇದ್ದ. ಕಾಕಾ ಮೂರು ದಿನದಿಂದ ಕೂಗುತ್ತಿದ್ದರು. ಗಂಡ ದಾರಿಯ ಮೇಲಿರುವಾಗ ದಿನ ಮುಗಿಯಿತು ಎನ್ನುವ ಬಾಯಿಗೆ ಅವ್ವ ಬೈದುಕೊಂಡಳು. ಅಮಾವಾಸ್ಯೆಯ ದಿನ ಅಪ್ಪನ ಹೆಸರಿನಲ್ಲಿ ಏನನ್ನೂ ಕೊಳ್ಳಬಾರದೆಂದು ನನ್ನನ್ನು ತಡೆದಳು. ಮರುದಿನ ಪಾಡ್ಯ, ಅದೂ ಬೇಡ ಎಂದಳು. ನಾನು ಆಗ ನಿಲಂಗದಲ್ಲಿ ಹನ್ನೆರಡನೆಯದು ಮುಗಿಸಿ, ಉದಗೀರಿನಲ್ಲಿ ನರ್ಸಿಂಗ್ ಸೇರುವ ಆಸೆ ಇಟ್ಟುಕೊಂಡು ಮನೆಯಲ್ಲಿದ್ದೆ. ತಾಯಿಯ ಇಂಥ ಮಾತುಗಳಿಗೆ ನಗುತ್ತಿದ್ದೆ, ಆದರೆ ಮೀರುತ್ತಿರಲಿಲ್ಲ. ಹೀಗೆ ಸುತ್ತು ದಾಟಿ ಎರಡು ದಿನವಾಯಿತು.

ಆ ಎರಡನೆಯ ದಿನ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಫೋನು ಬಡಿಯಿತು. ಅಪ್ಪನ ಜೊತೆ ಕುರಿ ಕಾಯುತ್ತಿದ್ದ ನನ್ನ ಸೋದರಮಾವ. ಕಬ್ಬು ತುಂಬಿದ ಟ್ರ್ಯಾಕ್ಟರು, ರಸ್ತೆ ದಾಟುತ್ತಿದ್ದ ಕುರಿ, ಕುರಿಯ ಹಿಂದೆ ಅಪ್ಪ. ಆಗಲೇ ಮುಗಿದುಹೋಗಿತ್ತು. ಅವ್ವನಿಗೆ ನೀನೇ ಹೇಳು ಎಂದು ಮಾವ ಅತ್ತ.

ಅವ್ವ ಹಿತ್ತಲಲ್ಲಿ ಕಂಬಳಿ ಒಗೆಯುತ್ತಿದ್ದಳು. ಬಡಿಯುವ ಸದ್ದು ಕೇಳುತ್ತಿತ್ತು. ನಾನು ಬಾಗಿಲವರೆಗೆ ಹೋದೆ. ಅವಳ ಬೆನ್ನು ನೋಡಿದೆ. ಆಗ ನನಗೆ ಅಳು ಬರಲಿಲ್ಲ. ಎರಡು ದಿನ ಎಂಬುದೊಂದೇ ತಲೆಯಲ್ಲಿ ಬಂದದ್ದು. ಎರಡೇ ದಿನ ತಡವಾಗಿದೆ. ಇವತ್ತು ತಾಗಿಸಿದರೆ ಇವತ್ತಿನ ತಾರೀಖೇ ಬೀಳುತ್ತದೆ, ಗಂಟೆಯನ್ನು ಯಾರು ನೋಡುತ್ತಾರೆ? ಅಪ್ಪ ಸತ್ತ ಸುದ್ದಿ ಕಿವಿಯಲ್ಲಿ ಇನ್ನೂ ಬಿಸಿಯಿರುವಾಗ ಹೀಗೆ ಯೋಚಿಸಿದವಳು ನಾನು. ಅವ್ವನಿಗೆ ಹೇಳದೆ ಚಪ್ಪಲಿ ಮೆಟ್ಟಿಕೊಂಡೆ.

ಕಾಕಾ ಆಗಷ್ಟೇ ಊದಿನಕಡ್ಡಿ ಹಚ್ಚಿ ಹಣದ ಗಲ್ಲೆಯ ಮುಂದೆ ಕೂತಿದ್ದರು. ನನ್ನನ್ನು ಕಂಡವರೇ ಕ್ಯಾಲೆಂಡರಿನ ಕಡೆ ಬೆರಳು ಮಾಡಿದರು. ಬೈಯಲಿಲ್ಲ. ಡಬ್ಬಿ ತೆರೆದು ಅಪ್ಪನ ಕಾರ್ಡಿನ ರಬ್ಬರು ಬಿಚ್ಚುತ್ತ ಕೇಳಿದರು:

"ಅಪ್ಪ ಆರಾಮ ಅದಾನ?"

"ಆರಾಮ ಅದಾನ್ರೀ ಕಾಕಾ."

ಕಾರ್ಡು ನನ್ನ ಕೈಗೆ ಕೊಟ್ಟರು. ನಾನೇ ಮಶೀನಿಗೆ ತಾಗಿಸಿದೆ. ಅದು ಕುಂಯ್ ಎಂದಿತು, ಚೀಟಿ ಹೊರಗೆ ಬಂತು. ಇನ್ನು ತೊಂಬತ್ತು ದಿನ ಹೆದರಿಕೆಯಿಲ್ಲ ಎಂದು ಕಡ್ಡಿಪೆಟ್ಟಿಗೆಯ ಕಟ್ಟು ನನ್ನ ಕೈಗಿಟ್ಟರು. ನಾನು ಮನೆಗೆ ಬಂದು, ಹಿತ್ತಲಿಗೆ ಹೋಗಿ, ಆಗಷ್ಟೇ ಫೋನು ಬಂದವಳ ಹಾಗೆ ಅವ್ವನಿಗೆ ಹೇಳಿದೆ. ನನ್ನ ಅಳು ಅಲ್ಲಿಂದ ಶುರುವಾಯಿತು, ಅದು ಸುಳ್ಳಾಗಿರಲಿಲ್ಲ. ಅಳು ಕೇಳಿ ಸೋದರತ್ತೆ ಓಡಿಬಂದವಳು ನನ್ನ ಕೈಯಲ್ಲಿದ್ದ ಕಟ್ಟನ್ನೇ ಕಿತ್ತುಕೊಂಡು, ಹರಿದು, ಆ ಕಡ್ಡಿಯಿಂದಲೇ ಅಪ್ಪನ ಹೆಸರಿನ ದೀಪ ಹಚ್ಚಿದಳು.

ಸಂಜೆ ಆಸ್ಪತ್ರೆಯಿಂದ ಅಪ್ಪನನ್ನು ತಂದರು. ಕಾಕಾ ಅಂಗಡಿ ಮುಚ್ಚಿ ಬಂದು ಅಂಗಳದಲ್ಲಿ ಗಂಡಸರ ಜೊತೆ ನಿಂತಿದ್ದರು. ಮಾವ ಎಲ್ಲರಿಗೂ ಹೇಳಿದ್ದನ್ನೇ ಮತ್ತೆ ಹೇಳುತ್ತಿದ್ದ: ಎಂಟೂವರೆಗೆ ಹೊಡೆಯಿತು, ಒಂಬತ್ತಕ್ಕೆ ನಾನು ಹುಡುಗಿಗೆ ಫೋನು ಮಾಡಿದೆ. ಕಾಕಾ ದೀಪವನ್ನು ನೋಡಿದರು. ಅದರ ಪಕ್ಕ ಹರಿದು ಬಿದ್ದಿದ್ದ ಕಡ್ಡಿಪೆಟ್ಟಿಗೆಯ ಕಾಗದ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅಂಗಿಯ ಜೇಬಿನ ಮೇಲೆ ಕೈಯಿಟ್ಟುಕೊಂಡರು. ಅಂದಿನ ಚೀಟಿಗಳನ್ನು ಅವರು ಅಲ್ಲೇ ಇಡುತ್ತಿದ್ದರು, ಚೀಟಿಯ ಮೇಲೆ ಗಂಟೆಯೂ ಅಚ್ಚಾಗಿರುತ್ತದೆ. ಹೊರಗೆ ಹೋದರು.

ನನಗೆ ಹೆದರಿಕೆ ಶುರುವಾದದ್ದು ಆ ಕ್ಷಣದಿಂದ. ಅದು ಎರಡು ತಿಂಗಳು ನನ್ನ ಜೊತೆಗೇ ಉಂಡಿತು, ಜೊತೆಗೇ ಮಲಗಿತು. ಕಾಗದಪತ್ರಗಳೆಲ್ಲ ಬ್ಯಾಂಕಿಗೆ ಹೋಗಿದ್ದವು. ದಿನ ದಾಟಿರಲಿಲ್ಲ ಎಂದು ಅವ್ವನನ್ನು ನಾನೇ ನಂಬಿಸಿದ್ದೆ. ಅವ್ವ ಆ ಹಣ ಬಂದರೆ ಕುರಿ ಮಾರುವುದು ಬೇಡ, ಮಗಳು ಉದಗೀರಿಗೆ ಹೋಗಲಿ ಎಂದು ಅತ್ತೆಯ ಹತ್ತಿರ ದಿನವೂ ಹೇಳುತ್ತಿದ್ದಳು. ಓಣಿಯಲ್ಲಿ ಮೋಟರ್ ಸೈಕಲ್ ನಿಂತ ಸದ್ದಾದರೆ ನನಗೆ ಪೊಲೀಸರೇ ಬಂದರೆನಿಸುತ್ತಿತ್ತು.

ಬಂದದ್ದು ವಿಮೆಯ ಕಡೆಯ ತನಿಖೆಯವನು. ಅಂಗಡಿಯ ಮುಂದೆ ನಿಂತು ನಮ್ಮನ್ನೂ ಕರೆಸಿದ. ಮರಾಠಿಯಲ್ಲಿ, ಸಮಾಧಾನದಿಂದಲೇ ಕೇಳಿದ: ಎಂಟೂವರೆಗೆ ಸತ್ತವರು ಒಂಬತ್ತೂಕಾಲಿಗೆ ಇಲ್ಲಿ ಕಡ್ಡಿಪೆಟ್ಟಿಗೆ ಹೇಗೆ ಕೊಂಡರು? ಕಾರ್ಡು ತಾಗಿಸಿದವರು ಯಾರು? ಅವ್ವ ಅರ್ಥವಾಗದೆ ನನ್ನ ಮುಖ ನೋಡಿದಳು.

"ಮೀಚ್ ಕೇಲಂ," ಎಂದರು ಕಾಕಾ. ನಾನೇ ಮಾಡಿದೆ. "ಘರಚಂ ಕೋಣೀ ನವ್ಹತಂ." ಮನೆಯವರು ಯಾರೂ ಇರಲಿಲ್ಲ.

ದಿನ ದಾಟಿದ್ದು ನೋಡಿ ತಾವೇ ತಾಗಿಸಿದ್ದು, ಸತ್ತದ್ದು ಗೊತ್ತಿರಲಿಲ್ಲ ಎಂದು ಬರೆದುಕೊಟ್ಟು ಸಹಿ ಮಾಡಿದರು. ಮೊಂಡು ಬೆರಳಿನ ಕೈಯಲ್ಲಿ ಪೆನ್ನು ಹಿಡಿದು ಅಕ್ಷರ ಅಕ್ಷರ ಕೂಡಿಸಿ ಬರೆದರು. ನನ್ನ ಕಡೆ ಒಮ್ಮೆಯೂ ತಿರುಗಲಿಲ್ಲ. ನಾನು ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ.

ಕಾಗದ ಬಂತು. ಸತ್ತ ಮೇಲೆ ಬೇರೊಬ್ಬರ ಕೈಯಿಂದ ಕಾರ್ಡು ಬಳಕೆಯಾಗಿರುವುದರಿಂದ ವಿಮೆ ಕೊಡಲು ಬರುವುದಿಲ್ಲ ಎಂದಿತ್ತು. ಅದನ್ನು ಅವ್ವನಿಗೆ ಓದಿ ಹೇಳಿದವಳೂ ನಾನೇ. ಅವ್ವ ಅಂಗಡಿಯ ಮುಂದೆ ಹೋಗಿ ನಿಂತು ಓಣಿಯೆಲ್ಲ ಕೇಳುವಂತೆ ಅಂದಳು: "ನನ್ನ ಗಂಡನ ಹೆಣದ ಮ್ಯಾಲ ದುಕಾನ ಮಾಡ್ದಿ. ನಿನ್ನ ಮಾರಿ ನೋಡಂಗಿಲ್ಲ ನಾ." ಕಾಕಾ ತಕ್ಕಡಿ ಹಿಡಿದುಕೊಂಡೇ ಕೇಳಿಸಿಕೊಂಡರು. ಹದಿನೈದು ದಿನದಲ್ಲಿ ಡಬ್ಬಿ ಖಾಲಿಯಾಯಿತು. ನಿಯಮ ಮುರಿದವನ ಹತ್ತಿರ ಕಾರ್ಡು ಯಾರು ಇಡುತ್ತಾರೆ? ಮಶೀನನ್ನು ಬ್ಯಾಂಕಿನವರು ವಾಪಸು ಒಯ್ದರು. ಕ್ಷೌರದಂಗಡಿಯಲ್ಲಿ ಯಮನ ಕಾರಕೂನ ಎಂಬ ಮಾತಿಗೆ ಈಗ ಯಾರೂ ನಗುತ್ತಿರಲಿಲ್ಲ. ನಾವು ಕುರಿ ಮಾರಿದೆವು. ಆ ಹಣದಲ್ಲಿ ನಾನು ಉದಗೀರಿಗೆ ಹೋದೆ.

ಹೋಗುವ ಹಿಂದಿನ ದಿನ ಮಧ್ಯಾಹ್ನ, ಓಣಿಯಲ್ಲಿ ಯಾರೂ ಇಲ್ಲದಾಗ, ಅಂಗಡಿಗೆ ಹೋದೆ. ಅವರ ಕಾಲು ಮುಟ್ಟಿದೆ. ಗೋಡೆಯ ಮೇಲೆ ಕ್ಯಾಲೆಂಡರು ಇರಲಿಲ್ಲ, ಮೊಳೆ ಮಾತ್ರ ಇತ್ತು. ನಾನು ಹೋಗದೆ ಇದ್ದಿದ್ದರೆ ಹಣ ಬರುತ್ತಿತ್ತೇನು ಎಂದು ಕೊನೆಗೆ ಕೇಳಿದೆ. ಆ ಕಾಗದ ಬಂದಾಗಿನಿಂದ ನನ್ನನ್ನು ಕೊರೆಯುತ್ತಿದ್ದದ್ದು ಅದೇ.

"ದಿನ ಮುಗದಿದ್ದವು ತಂಗಿ," ಎಂದರು. "ನೀ ಬಂದಿದ್ದರೂ ಅಷ್ಟ, ಬರದಿದ್ದರೂ ಅಷ್ಟ. ಇದನ್ನ ತಲ್ಯಾಗ ಇಟಗೋಬ್ಯಾಡ. ಅವ್ವಗೂ ಹೇಳಬ್ಯಾಡ, ಆಕಿಗಿ ನೀ ಒಬ್ಬಾಕೀನೇ ಉಳದಿ."

ಆ ಮಾತನ್ನು ಹಿಡಿದುಕೊಂಡು ನಾನು ನಾಲ್ಕು ವರ್ಷ ಕಳೆದೆ. ನನ್ನಿಂದ ಏನೂ ಕೆಟ್ಟಿಲ್ಲ, ಹೇಗೂ ಬರುವುದಿರಲಿಲ್ಲ. ಪರೀಕ್ಷೆ ಪಾಸಾದೆ, ಕೆಲಸ ಸಿಕ್ಕಿತು. ರಾತ್ರಿ ಪಾಳಿಯಲ್ಲೂ ತೂಕಡಿಸದೆ ಕೆಲಸ ಮಾಡಬಲ್ಲೆನೆಂದು ಹೆಸರಾಯಿತು.

ಹೋದ ಮಳೆಗಾಲದಲ್ಲಿ ಕಾಕಾ ಉಬ್ಬಸದಿಂದ ತೀರಿಕೊಂಡರು. ಅವ್ವ ಮಣ್ಣಿಗೆ ಹೋಗಲಿಲ್ಲ. ಮೂರನೆಯ ದಿನ ನಾನೊಬ್ಬಳೇ ಅವರ ಹೆಂಡತಿ ಕಾಕಿಯನ್ನು ಕಾಣಲು ಹೋದೆ. ಕಾಕಿ ಟ್ರಂಕು ತೆರೆದು, ಸೀರೆಗಳ ಕೆಳಗಿನಿಂದ ಒಂದು ಕ್ಯಾಲೆಂಡರು ತೆಗೆದರು. ನಿಮ್ಮಪ್ಪ ತೀರಿಕೊಂಡ ವರ್ಷದ್ದು, ಆ ದಿನವೇ ಗೋಡೆಯಿಂದ ಇಳಿಸಿ ಇಲ್ಲಿಟ್ಟರು, ಯಾರ ಕೈಗೂ ಕೊಡಬೇಡ ಎಂದಿದ್ದರು, ಇನ್ನು ನನಗೇಕೆ, ನೀನು ಓದಿದವಳು, ಸುಟ್ಟುಬಿಡು ಎಂದರು.

ನಮ್ಮ ಕೋಲಿನ ಗುರುತು ಹುಡುಕಿದೆ. ಗೀಟಿನ ದಿನದಿಂದ ಕೆಂಪು ಸುತ್ತಿನವರೆಗೆ ಎಣಿಸಿದೆ. ಎಂಬತ್ತು ಬಂತು. ತಪ್ಪಿತೆಂದು ಮತ್ತೆ ಎಣಿಸಿದೆ. ಪಕ್ಕದ ಮನೆಯ ಗುರುತು ಎಣಿಸಿದೆ, ಅದೂ ಎಂಬತ್ತು. ಎಲ್ಲರದೂ ಎಂಬತ್ತೇ.

"ಮಂದಿ ತಡಾ ಮಾಡ್ತಾರಂತ ಹತ್ತು ದಿನ ಮೊದಲೇ ಸುತ್ತ ಹಾಕ್ತಿದ್ದರವ್ವ," ಎಂದರು ಕಾಕಿ. "ಗೊತ್ತಾದರ ಮತ್ತ ತಡಾ ಮಾಡ್ತಾರ, ಯಾರಿಗೂ ಹೇಳಬ್ಯಾಡ ಅಂತಿದ್ದರು."

ಅಪ್ಪ ಸತ್ತದ್ದು ಎಂಬತ್ತೆರಡನೆಯ ದಿನ. ಎಂಟು ದಿನ ಇನ್ನೂ ಉಳಿದಿದ್ದವು. ನಾನು ಆ ಬೆಳಿಗ್ಗೆ ಚಪ್ಪಲಿ ಮೆಟ್ಟದೆ ಅವ್ವನ ಹತ್ತಿರ ಹೋಗಿ ಅತ್ತಿದ್ದರೆ ಸಾಕಿತ್ತು. ಇದು ಕಾಕಾಗೆ ದೀಪದ ಮುಂದೆ ನಿಂತಾಗಲೇ ತಿಳಿದಿತ್ತು. ಸಹಿ ಮಾಡುವಾಗ ತಿಳಿದಿತ್ತು. ದಿನ ಮುಗಿದಿದ್ದವು ತಂಗಿ ಎನ್ನುವಾಗಲೂ ತಿಳಿದಿತ್ತು.

ಕ್ಯಾಲೆಂಡರನ್ನು ಸುಟ್ಟಿಲ್ಲ. ನನ್ನ ಉದಗೀರಿನ ಕೋಣೆಯಲ್ಲಿ, ಸೀರೆಗಳ ಕೆಳಗೇ ಇದೆ. ಊರಿಗೆ ಹೋದಾಗ ಅವ್ವ ನನ್ನನ್ನು ಕರೆದುಕೊಳ್ಳಲು ಬಸ್ ಸ್ಟ್ಯಾಂಡಿಗೆ ಬರುತ್ತಾಳೆ. ಆ ಮೂಲೆಗೆ ಬಂದಾಗ ಈಗಲೂ ಸೆರಗಿನಿಂದ ಮುಖ ಮುಚ್ಚಿ, ಮುಚ್ಚಿದ ಅಂಗಡಿಯ ಕಡೆ ಉಗುಳಿ ಮುಂದೆ ಹೋಗುತ್ತಾಳೆ. ನಾನು ಅವಳ ಪಕ್ಕದಲ್ಲೇ ಚೀಲ ಹಿಡಿದುಕೊಂಡು ನಡೆಯುತ್ತೇನೆ.