ನನ್ನ ಹೆಸರು, ಅವಳ ಬಾಯಲ್ಲಿ

ನಾನು ಕವಿ ಎಂಬುದು ಬೈಲಹೊಂಗಲದಲ್ಲಿ ಸಾಕಷ್ಟು ಜನರಿಗೆ ಗೊತ್ತು. ಸನ್ಮಾನ ಪತ್ರಗಳಲ್ಲಿ, ಒಮ್ಮೊಮ್ಮೆ ಬ್ಯಾನರುಗಳಲ್ಲಿ ನನ್ನ ಹೆಸರು ಅಚ್ಚಾಗಿದೆ. ಅದನ್ನು ನೋಡಿ ಒಳಗೊಳಗೇ ಹಿಗ್ಗಿದ್ದೂ ಇದೆ. ನನ್ನ ಹೆಂಡತಿ ನೀಲಾ ಮಾತ್ರ ಆ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮನೆಯೊಳಗೆ ನಾನು ‘ಕೇಳ್ರಿಲ್ಲೆ’, ನೆರೆಯವರ ಮುಂದೆ ‘ನಮ್ಮವರು’, ಸಿಟ್ಟು ಬಂದ ದಿನ ಮಗಳ ಮೂಲಕ ‘ನಿಮ್ಮಪ್ಪ’.

ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಹೇಳಿದ್ದಳಂತೆ. ಹೇಳಲೇಬೇಕಾದಾಗ ನಮ್ಮ ಕಡೆ ಒಡಪು ಇದೆ: ಪ್ರಾಸದ ಸಾಲು ಕಟ್ಟಿ, ಕೊನೆಗೆ ಹೆಸರನ್ನು ಮೆಲ್ಲಗೆ ಇಳಿಸುವುದು. ಹಾಗೆ ಹೇಳಿದರೆ ದೋಷವಿಲ್ಲ. ಮದುವೆಯಾಗಿ ರಾಮದುರ್ಗದಿಂದ ಅವಳನ್ನು ಕರೆತಂದ ದಿನ ನಮ್ಮ ಮನೆಯ ಹೆಂಗಸರು ಬಾಗಿಲಿಗೆ ಅಡ್ಡ ನಿಂತು, “ಹೆಸರ ಹೇಳಿ ಒಳಗ ಬಾರವ್ವಾ” ಎಂದು ಕಾಡಿದ್ದರು. ಹೇಳಿದಳು. ಆದರೆ ಹೆಸರು ಬರುವಷ್ಟರಲ್ಲಿ ಎಲ್ಲರೂ ನಕ್ಕುಬಿಟ್ಟು ನನಗೇ ಕೇಳಿಸಲಿಲ್ಲ. ಇಷ್ಟು ವರ್ಷ ಆ ಕೊರಗು ನನ್ನಲ್ಲಿ ಉಳಿದಿದೆ ಎಂದರೆ ನೀವು ನಗಬಹುದು.

ಕಿತ್ತೂರಿನ ಕೋಟೆಗೆ ಹೋದರೂ ನನಗೆ ಇದೇ ಯೋಚನೆ. ಆ ಪಾಳುಗೋಡೆಗಳ ನಡುವೆ ಎಲ್ಲರೂ ಕತ್ತಿ, ಕುದುರೆ, ಯುದ್ಧ ನೆನೆಯುತ್ತಾರೆ. ಅಷ್ಟು ದೊಡ್ಡ ರಾಣಿ ಅರಮನೆಯೊಳಗೆ ಅರಸನನ್ನು ಏನೆಂದು ಕರೆಯುತ್ತಿದ್ದಳೋ ಎಂಬ ಚಿಂತೆ ನನ್ನದು. ಇತಿಹಾಸಕಾರರು ಇಂಥದ್ದನ್ನು ಬರೆದಿಡುವುದಿಲ್ಲ. ನೀಲಾಳನ್ನು ಕೇಳಿದರೆ, “ಆಕಿಗಿ ಬ್ಯಾರೆ ಉದ್ಯೋಗ ಇದ್ದಿಲ್ಲೇನ್ರಿ?” ಎಂದಳು.

ಸವದತ್ತಿಗೆ ಸೊಸೆಯಾಗಿ ಹೋದ ನಮ್ಮ ಮಗಳು ಗಂಡನನ್ನು ಓಣಿಗೆಲ್ಲ ಕೇಳುವಂತೆ ಹೆಸರು ಹಿಡಿದು ಕೂಗುತ್ತಾಳೆ. ಅಳಿಯ ಗಟ್ಟಿಮುಟ್ಟಾಗಿಯೇ ಇದ್ದಾನೆ. ಅವನನ್ನು ಸಾಕ್ಷಿಗೆ ನಿಲ್ಲಿಸಿದರೂ ನೀಲಾ ಒಪ್ಪಲಿಲ್ಲ. “ಅವರ ಕಾಲ ಅವರಿಗಿ. ನನಗ ಅಂಜಿಕಿ ಐತಿ” ಎಂದಳು. ನನಗೆ ಮುನಿಸು ಬಂತು. ಪ್ರಾಸವನ್ನು ಬಿಟ್ಟು ಬಹಳ ಕಾಲವಾದ ಕವಿ ನಾನು; ಒಡಪು ಹಳೆಯ ಸರಕೆಂದೇ ಎಣಿಸಿದ್ದೆ.

ಹೋದ ಚಳಿಗಾಲದಲ್ಲಿ ನನ್ನ ಪಿತ್ತಕೋಶದ ಕಲ್ಲು ತೆಗೆಸಬೇಕಾಯಿತು. ಶಸ್ತ್ರಚಿಕಿತ್ಸೆ ಮುಗಿದು ಬಹಳ ಹೊತ್ತಾದರೂ ನನಗೆ ಸರಿಯಾಗಿ ಎಚ್ಚರವಾಗಿರಲಿಲ್ಲ. “ಹೆಸರ ಹಿಡದು ಜೋರಾಗಿ ಕರೀರಿ ಅಕ್ಕಾರ, ಎಚ್ಚರಾಗಬೇಕು” ಎಂದು ನರ್ಸು ಹೇಳಿದ್ದು ಎಲ್ಲೋ ದೂರದಲ್ಲಿ ಕೇಳಿಸಿತು. ನೀಲಾ ನನ್ನ ಅಂಗೈ ತಿಕ್ಕುತ್ತಿದ್ದಳು. “ಏನ್ರಿ, ಇಲ್ನೋಡ್ರಿ” ಎಂದಳು.

“ಹೆಸರ ಕರೀರಿ” ಎಂದು ನರ್ಸು ಮತ್ತೆ ಅವಸರ ಮಾಡಿದಳು.

ನನ್ನ ಆಯುಷ್ಯದ ಭಯ ನೀಲಾಳಿಗೆ ಅಂದಿನಷ್ಟು ಇನ್ನಾವ ದಿನ ಇದ್ದೀತು? ಅಂಗೈ ತಿಕ್ಕುವುದನ್ನು ನಿಲ್ಲಿಸಿದಳು. ಆಮೇಲೆ ವಾರ್ಡಿನವರೆಲ್ಲರ ಮುಂದೆ, ಅಳುದನಿಯಲ್ಲೇ ಶುರುಮಾಡಿದಳು:

“ನವಿಲುತೀರ್ಥದ ನೀರು ಕಾಲುವಿಗಿ ಚಂದ,
ನೇಸರಗಿ ಬಿಳಿಜ್ವಾಳ ರೊಟ್ಟಿಗಿ ಚಂದ...”

ಮೊದಲ ಸಾಲಿಗೇ ನನಗೆ ಪೂರ್ತಿ ಎಚ್ಚರವಾಗಿತ್ತು. ಆದರೆ ಕಣ್ಣು ತೆರೆದರೆ ಅವಳು ಅಲ್ಲಿಗೇ ನಿಲ್ಲಿಸಿಬಿಡುತ್ತಾಳೆ. ರೆಪ್ಪೆ ಬಿಗಿಹಿಡಿದು ಮಲಗಿದ್ದೆ.

“ನಮ್ಮ ಗುರುಪಾದಪ್ಪನವರು ಕಣ್ಣ ತೆರದ್ರ ನನಗ ಚಂದ.”

ತೆರೆದೆ. ಮತ್ತೊಮ್ಮೆ ಹೇಳು ಅನ್ನಬೇಕೆಂದರೆ ಗಂಟಲು ಒಣಗಿತ್ತು. ನೀಲಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು. “ಎಚ್ಚರಿದ್ದೂ ಕೇಳಕೋತ ಬಿದ್ದಿದ್ರಿ, ಹೌದಲ್ರಿ?”

ತಲೆಯಾಡಿಸಿದೆ. ಅವಳು ಬೈಯಲಿಲ್ಲ. ಹೊದಿಕೆ ಸರಿಮಾಡಿ, ನನ್ನ ಕಿವಿಯ ಹತ್ತಿರ ಬಗ್ಗಿ, ಒಡಪನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿದಳು.